ಮನೆಗೆ ಹೋದ ಅರ್ಧ ಕಥೆ

ಮಕ್ಕಳಿಗೆ ಕಥೆ ಆರಿಸುವುದು ನನ್ನ ಕೆಲಸ ಎಂದರೆ ನೆಂಟರು ನಗುತ್ತಾರೆ. ಓದುವುದು, ಚೆನ್ನಾಗಿದ್ದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಪಕ್ಕಕ್ಕೆ ಸರಿಸುವುದು, ಇದೂ ಒಂದು ಕೆಲಸವೇನು ಎನ್ನುತ್ತಾರೆ. ನಾನೂ ಅವರ ಜೊತೆ ನಕ್ಕು ಸುಮ್ಮನಾಗುತ್ತಿದ್ದೆ. ಆ ಮಳೆಗಾಲ ಕಳೆದ ಮೇಲೆ ಹಾಗೆ ನಗಲು ಬಂದಿಲ್ಲ.

ಚಿಕ್ಕೋಡಿಯಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಸುತ್ತಲಿನ ತಾಲೂಕುಗಳ ಶಾಲಾ ಗ್ರಂಥಾಲಯಗಳಿಗೆ ಯಾವ ಕಥೆಗಳು ಹೊಂದುತ್ತವೆ ಎಂದು ಶಿಫಾರಸು ಮಾಡುತ್ತೇವೆ. ಆ ವರ್ಷ ವಿಜ್ಞಾನ ಕಥೆ ಮತ್ತು ಅದ್ಭುತ ಕಥೆಗಳ ಸರದಿ. ಹನ್ನೆರಡು, ಹದಿಮೂರು ವರ್ಷದ ಮಕ್ಕಳು ಒಂದೇ ಪೀರಿಯಡ್ಡಿನಲ್ಲಿ ಕೇಳಿ ಮುಗಿಸಬಹುದಾದ ಸಣ್ಣ ಕಥೆಗಳು ಬೇಕಿದ್ದವು. ಕನ್ನಡದಲ್ಲಿ ಅಂಥವು ಸುಲಭವಾಗಿ ಸಿಗುವುದಿಲ್ಲವೆಂದು ಲೇಖಕರಿಂದ ಹೊಸದಾಗಿಯೂ ಬರೆಸಿದ್ದೆವು. ಬಂದವುಗಳಲ್ಲಿ ಮುಕ್ಕಾಲು ಪಾಲು ಬರೀ ಉಪದೇಶ. ಒಂದರಲ್ಲಿ ರೋಬೋಟ್ ಪರಿಸರ ಉಳಿಸಿ ಎಂದು ಭಾಷಣ ಮಾಡುತ್ತಿತ್ತು. ಇನ್ನೊಂದರಲ್ಲಿ ಅನ್ಯಗ್ರಹದವರು ಅಷ್ಟು ದೂರದಿಂದ ಬಂದು, ಊಟಕ್ಕೆ ಮೊದಲು ಕೈ ತೊಳೆಯಿರಿ ಎಂದು ಹೇಳಿ ವಾಪಸ್ ಹೋಗುತ್ತಿದ್ದರು. ಓದಿ ಓದಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಆಯ್ಕೆಗೆ ಕೂರುತ್ತಿದ್ದವರು ಇಬ್ಬರು. ನಾನು, ಮತ್ತು ಅಥಣಿಯ ಒಬ್ಬ ನಿವೃತ್ತ ವಿಜ್ಞಾನ ಮಾಸ್ತರು. ವಿಜ್ಞಾನ ಅವರ ಪಾಲು, ಕಥೆ ನನ್ನ ಪಾಲು. ಆದರೆ ಕೊನೆಯ ಮಾತು ನಮ್ಮಿಬ್ಬರದೂ ಅಲ್ಲ, ಮಕ್ಕಳದು. ಯಾವ ಕಥೆಯನ್ನೂ ತರಗತಿಯಲ್ಲಿ ಓದಿ ನೋಡದೆ ಶಿಫಾರಸು ಮಾಡುತ್ತಿರಲಿಲ್ಲ. ಓದುವುದಕ್ಕೂ ಒಂದು ಕ್ರಮವಿತ್ತು. ಕಥೆ ಬಿಗಿಯಾದ ಜಾಗದಲ್ಲಿ, ಅಂತ್ಯಕ್ಕೆ ಸ್ವಲ್ಪ ಮೊದಲು, ನಾನು ಹಾಳೆ ಮಡಚಿ ನಿಲ್ಲಿಸುತ್ತಿದ್ದೆ. "ಇದನ್ನು ಮನೆಗೆ ಒಯ್ದು ಹೇಳಿ. ಕಥೆಯ ಊರಿನ ಬದಲು ನಿಮ್ಮ ಊರು ಹಾಕಿ, ಕಥೆಯ ಜನರ ಬದಲು ನಿಮ್ಮವರನ್ನು ಹಾಕಿ. ಮುಂದೇನಾಗುತ್ತದೆ ಎಂದು ಮನೆಯವರನ್ನು ಕೇಳಿಕೊಂಡು ನಾಳೆ ಬನ್ನಿ" ಎನ್ನುತ್ತಿದ್ದೆ. ಮರುದಿನ ಹೋಗಿ ಅವರ ಅಂತ್ಯಗಳನ್ನು ಕೇಳಿ, ಆಮೇಲೆ ನಿಜವಾದ ಅಂತ್ಯ ಓದುತ್ತಿದ್ದೆ. ಮನೆಯಲ್ಲಿ ಯಾರೂ ಹೇಳದ ಕಥೆ ನಮ್ಮ ಪಟ್ಟಿಯಿಂದ ಹೊರಗೆ. ಈ ಪದ್ಧತಿ ನಾನೇ ಕಂಡುಕೊಂಡದ್ದು. ಅದರ ಬಗ್ಗೆ ಜಂಬವೂ ಇತ್ತು.

ಪದ್ಧತಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಕಬ್ಬು ಕಡಿಯುವ ರೋಬೋಟಿನ ಕಥೆಯನ್ನು ನಾವಿಬ್ಬರೂ ಮೆಚ್ಚಿಕೊಂಡಿದ್ದೆವು. ಅಲಖನೂರಿನಲ್ಲಿ ಓದಿದೆ. ಮರುದಿನ ಮಕ್ಕಳು ಮನೆಯಿಂದ ತಂದದ್ದು ಒಂದೇ ಪ್ರಶ್ನೆ: "ಕಡಿಯೂದೇನೋ ಕಡೀತೈತ್ರಿ, ಮ್ಯಾಲ ಟ್ರಾಲಿಗೆ ಹೇರಾವರು ಯಾರ್ರಿ?" ಲೇಖಕರಿಗೆ ಟ್ರಾಲಿಯ ನೆನಪೇ ಆಗಿರಲಿಲ್ಲ. ನಿಪ್ಪಾಣಿಯಲ್ಲಿ ಮಾಯದ ಬಾಗಿಲಿನ ಕಥೆ ಓದಿದಾಗ ಒಬ್ಬ ಹುಡುಗಿ ಆಕಳಿಸಿ, "ಟೀಚರ್, ಇದಂತೂ ಮೊಬೈಲ್ ಗೇಮ್‌ದಾಗ ಆಗ್ಲೇ ಐತ್ರಿ" ಎಂದಳು. ಎರಡು ಕಥೆಗಳೂ ಪಕ್ಕಕ್ಕೆ ಸರಿದವು.

ಉಳಿದವುಗಳಲ್ಲಿ ನನಗೆ ಜೀವ ಬಿಡುವಷ್ಟು ಇಷ್ಟವಾಗಿದ್ದು ನದಿಯ ತಳದ ಊರಿನ ಕಥೆ. ಮುಂದೊಂದು ಕಾಲ. ನೆಲ ಸಾಲದೆ ಜನ ನದಿಯ ತಳದಲ್ಲಿ ಊರು ಕಟ್ಟಿಕೊಂಡಿದ್ದಾರೆ. ಮೇಲಿನ ದಂಡೆಯಿಂದ ಒಬ್ಬ ಹುಡುಗ ಜಾರಿ ನೀರಿಗೆ ಬೀಳುತ್ತಾನೆ. ತಳದವರು ಅವನನ್ನು ಹಿಡಿದು ಉಳಿಸಿಕೊಳ್ಳುತ್ತಾರೆ. ಅಲ್ಲಿ ಉಂಡು, ಶಾಲೆಗೆ ಹೋಗಿ ಬೆಳೆಯುತ್ತಾನೆ. ದಿನಾ ಸಂಜೆ ತಾಯಿ ದಂಡೆಗೆ ಬಂದು ಕರೆಯುತ್ತಾಳೆ. ಒಂದು ಸಂಜೆ ಆ ಕರೆ ಅವನಿಗೆ ಕೇಳಿಸುತ್ತದೆ.

ಮಾಸ್ತರರು ಇಲ್ಲಿಯೇ ತಕರಾರು ತೆಗೆದರು. "ಗಾಳ್ಯಾಗಿನ ದನಿ ನೀರಿನ ಮ್ಯಾಲ ಬಡದು ವಾಪಸ್ ಹೋಗತೈತ್ರಿ ಮೇಡಂ. ಒಳಗ ಇಳಿಯೂದು ಎಲ್ಲೋ ಅಲ್ಪ ಸ್ವಲ್ಪ. ಕೇಳಿಸಿತು ಅಂತ ಹೆಂಗ ಬರೀತಾರ?" ಎಂದರು. ಪರಿಹಾರವನ್ನೂ ಅವರೇ ಹೇಳಿದರು. ನೀರಿನಲ್ಲಿ ಮುಳುಗಿದ ಕಲ್ಲನ್ನು ಬಡಿದರೆ ಸಪ್ಪಳ ನೇರ ನೀರಿಗೆ ಇಳಿದು ಬಹಳ ದೂರ ಹೋಗುತ್ತದೆ. ಲೇಖಕರಿಗೆ ಫೋನ್ ಮಾಡಿದೆವು. ತಾಯಿ ಕಲ್ಲು ಹಿಡಿದು, ನದಿಗೆ ಇಳಿಯುವ ಘಾಟಿನ ಮುಳುಗಿದ ಮೆಟ್ಟಿಲು ಬಡಿದು ಕರೆಯುತ್ತಾಳೆ ಎಂದು ಅವರು ತಿದ್ದಿಕೊಟ್ಟರು. ಕಥೆಗೆ ಅದರಿಂದ ಒಂದು ತೂಕ ಬಂತು.

ಅಂತ್ಯದ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಜಗಳ. ಹುಡುಗನ ಎದೆ ಈಗ ನೀರಿಗೆ ಒಗ್ಗಿದೆ. ತಾಯಿ ಕರೆದಾಗಲೆಲ್ಲ ಅವನು ಮೇಲೆ ಏಳುತ್ತಾನೆ, ಗಾಳಿ ತಾಗಿದೊಡನೆ ಉಸಿರು ಕಟ್ಟುತ್ತದೆ, ಪ್ರತಿ ಸಲವೂ ಚೇತರಿಸಿಕೊಳ್ಳುವುದು ತಡವಾಗುತ್ತದೆ. ತಳದ ಊರಿನ ಮುದುಕಿ ವೈದ್ಯೆಯೊಬ್ಬಳು ದಂಡೆಗೆ ಹೇಳಿ ಕಳಿಸುತ್ತಾಳೆ, ಇನ್ನು ಕರೆಯಬೇಡ ಎಂದು. ತಾಯಿ ಕಲ್ಲು ಕೆಳಗಿಟ್ಟು ಮನೆಗೆ ಹೋಗುತ್ತಾಳೆ. ಆ ಸಂಜೆ ಅವನನ್ನು ಯಾರೂ ಕರೆಯಲಿಲ್ಲ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಇಷ್ಟು ದುಃಖ ಮಕ್ಕಳಿಗೆ ಏಕೆ, ತಾಯಿ ಮಗನನ್ನು ಸೇರಿಸಿಬಿಡಿ ಎಂದು ಮಾಸ್ತರರು ಹಟ ಹಿಡಿದರು. ಮಕ್ಕಳನ್ನು ಬೆಲ್ಲದ ನೀರಿನಲ್ಲಿ ಅದ್ದಿಡಬೇಡಿ ಎಂದು ನಾನು ರೇಗಿದೆ. ಅಂತ್ಯ ಇದ್ದ ಹಾಗೆಯೇ ಉಳಿಯಿತು.

ಅದನ್ನು ಓದಲು ಆರಿಸಿದ್ದು ಕಾಗವಾಡ ತಾಲೂಕಿನಲ್ಲಿ ಕೃಷ್ಣಾ ದಂಡೆಗಿರುವ ಒಂದು ಊರಿನ ಶಾಲೆ. ನದಿಯ ಕಥೆಗೆ ನದಿಯ ಮಕ್ಕಳೇ ಬೇಕು ಎಂಬ ಆಸೆ ನನ್ನದು. ಆ ದಿನ ಎಂಟನೇ ತರಗತಿಯ ವರ್ಗ ಶಿಕ್ಷಕಿ ತರಬೇತಿಗೆಂದು ಹೋಗಿದ್ದರು. ನಾನೊಬ್ಬಳೇ ಓದಿದೆ. ತಾಯಿ ಮೆಟ್ಟಿಲು ಬಡಿಯುವ ಭಾಗ ಬಂದಾಗ ತರಗತಿಯಲ್ಲಿ ಕಾಲು ಅಲುಗಾಡಿಸುವವರೂ ಇರಲಿಲ್ಲ. ಎರಡನೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಕ್ಕೋರ, ಆ ಹುಡುಗ ಎಷ್ಟನೇತ್ತಾ ಇದ್ದಾನ್ರಿ?"

ಯಾವ ತರಗತಿ ಎಂದು ಕಥೆಯಲ್ಲಿಲ್ಲ ಎಂದೆ.

"ಎರಡ್ನೇತ್ತಾ ಅಂತ ಇಟಗೊಳ್ಳಲೇನ್ರಿ?"

"ಇಟ್ಟುಕೋ, ಮನೆಯಲ್ಲಿ ಹಾಗೆಯೇ ಹೇಳು" ಎಂದೆ. ಕಥೆಯನ್ನು ಇಷ್ಟು ಬೇಗ ತನ್ನದಾಗಿಸಿಕೊಂಡಳಲ್ಲ ಎಂದು ಖುಷಿಯೂ ಆಯಿತು. ತಾಯಿಯ ಕರೆ ಹುಡುಗನಿಗೆ ಕೇಳಿಸಿದಲ್ಲಿಗೆ ಹಾಳೆ ಮಡಚಿದೆ.

ಮರುದಿನ ಆ ಹುಡುಗಿ ಬಂದಿರಲಿಲ್ಲ. ಅವರ ಮನೆಯ ಆಡು ಈಯುತ್ತಿದೆ ಎಂದು ಉಳಿದವರು ಹೇಳಿದರು. ಕುರಿ ಆಡು ಸಾಕುವ ಮನೆಗಳಲ್ಲಿ ಇದು ಮಾಮೂಲು. ಉಳಿದ ಮಕ್ಕಳು ತಂದ ಅಂತ್ಯಗಳಲ್ಲಿ ಹುಡುಗ ಮೊಸಳೆ ಹತ್ತಿ ಬಂದ, ಜೆಸಿಬಿ ಇಳಿಸಿ ಅವನನ್ನು ಎತ್ತಿದರು, ಹೀಗೆ. ನಾನು ನಿಜವಾದ ಅಂತ್ಯ ಓದಿದೆ. ಹಿಂದಿನ ಬೆಂಚಿನವರು ಕೂಡ ಸುಮ್ಮನೆ ಕುಳಿತಿದ್ದರು. ಬಸ್ಸಿನಲ್ಲಿ ವಾಪಸ್ ಬರುವಾಗ ಈ ವರ್ಷದ ಮೊದಲ ಕಥೆ ಇದೇ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಆಷಾಢ ಮುಗಿಯುತ್ತ ಬಂದಾಗ ವರ್ಗ ಶಿಕ್ಷಕಿಯ ಫೋನ್ ಬಂತು. "ಮೇಡಂ, ನೀವು ಒಮ್ಮೆ ಬಂದ ಹೋಗ್ರಿ. ನಿಮ್ಮ ಕಥಿಯಿಂದ ಒಂದು ಮನಿಯೊಳಗ ಭಾಳ ತ್ರಾಸ ಆಗೈತಿ" ಎಂದರು. ಹೆಚ್ಚು ಹೇಳಲಿಲ್ಲ. ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ ತಿಳಿಯಲಿಲ್ಲ.

ಶಾಲೆಯ ಕಚೇರಿಯಲ್ಲಿ ಶಿಕ್ಷಕಿಯ ಜೊತೆ ಎರಡನೇ ಸಾಲಿನ ಆ ಹುಡುಗಿಯ ದೊಡ್ಡಪ್ಪ ಕುಳಿತಿದ್ದ. ತಂದೆ ಕುರಿ ಹಿಂಡಿನ ಜೊತೆ ಬೇರೆ ಊರಿನ ಹೊಲಗಳಲ್ಲಿದ್ದಾನೆ ಎಂದ. ವಿಷಯವನ್ನು ಅವನೇ ಹೇಳಿದ, ದನಿ ಏರಿಸದೆ. ಹಿಂದಿನ ಮಹಾಪೂರದಲ್ಲಿ ಹುಡುಗಿಯ ತಮ್ಮನನ್ನು ಹೊಳೆ ಎಳೆದುಕೊಂಡು ಹೋಗಿತ್ತು. ಆಗ ಅವನು ಎರಡನೇ ತರಗತಿ. ಹೆಣ ಸಿಗಲಿಲ್ಲ. ಹೆಣ ಸಿಗದವರಿಗೆ ಅವರ ಮನೆತನದಲ್ಲಿ ಜೋಳದ ಹಿಟ್ಟಿನಿಂದ ಗೊಂಬೆ ಮಾಡಿ, ಸತ್ತವರ ಅಂಗಿ ತೊಡಿಸಿ, ಹೊಲದ ಬದುವಿನಲ್ಲಿ ಮಣ್ಣು ಮಾಡುತ್ತಾರೆ. ತಾಯಿ ಇಷ್ಟು ವರ್ಷ ಒಪ್ಪಿರಲಿಲ್ಲ. ಮಂಗಸೂಳಿ ಮಲ್ಲಯ್ಯನಿಗೆ ಹರಕೆ ಹೊತ್ತು ಕಾಯುತ್ತಲೇ ಇದ್ದಳು. ಈ ಬೇಸಿಗೆಯಲ್ಲಿ ಎಲ್ಲರೂ ಕೂಡಿ ಹೇಳಿದ್ದಕ್ಕೆ ಕೊನೆಗೂ ಹೂಂ ಎಂದಿದ್ದಳು. ಬರುವ ನಾಗರ ಅಮವಾಸ್ಯೆಗೆ ಎಂದು ನಿಶ್ಚಯವಾಗಿತ್ತು.

"ಅಷ್ಟರಾಗ ನಿಮ್ಮ ಕಥಿ ಮನಿಗೆ ಬಂತ್ರಿ. ಈಗ ಏನಂತಾಳ, ಅಂವ ತಳದಾಗ ಇದ್ದಾನ, ಉಂಡಕೊಂಡ ಅದಾನ, ಇದ್ದಾವಗ ಹೆಂಗ ಗೊಂಬಿ ಮಾಡ್ತೀರಿ ಅಂತಾಳ. ದಿನಾ ಸಂಜಿಗೆ ಘಾಟಿಗೆ ಹೋಗಿ ಕಲ್ಲ ತಗೊಂಡ ಮೆಟ್ಟಲಾ ಬಡೀತಾಳ್ರಿ. ಡ್ಯಾಮಿನಿಂದ ನೀರ ಬಿಟ್ಟಾರ. ಹೊಳಿ ಏರಾಕತ್ತೈತಿ. ಒಂದೊಂದ ಮೆಟ್ಟಲಾ ಮುಳಗಿದಂಗ ಅಕಿ ಹಿಂದ ಸರಿಯೂದಿಲ್ಲ, ನೀರಾಗ ನಿಂದರತಾಳ."

ಮಿರಜಿಗೆ ಕರೆದೊಯ್ದು ದವಾಖಾನೆಯಲ್ಲಿ ತೋರಿಸಿದ್ದರಂತೆ. ನಿದ್ದೆಯ ಗುಳಿಗೆ ಕೊಟ್ಟಿದ್ದರು. ಮನೆಯಲ್ಲಿ ಕೂಡಿ ಹಾಕಿದರೆ ತಲೆ ಗೋಡೆಗೆ ಚಚ್ಚಿಕೊಂಡಳಂತೆ. ಹುಡುಗಿ ಶಾಲೆ ಬಿಟ್ಟು ತಾಯಿಯ ಸೀರೆ ಸೆರಗು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರುತ್ತಾಳೆ. ಅದಷ್ಟೇ ಕಾವಲು.

"ಕಥಿ ತಂದಾವರು ನೀವ. ಸುಳ್ಳ ಐತಿ ಅಂತ ನೀವ ಹೇಳಿ ಬರ್ರಿ" ಎಂದ ದೊಡ್ಡಪ್ಪ.

ಶಿಕ್ಷಕಿ ನನ್ನ ಮುಖ ನೋಡುತ್ತಿದ್ದರು. ಆ ದಿನ ಅವರು ಶಾಲೆಯಲ್ಲಿದ್ದಿದ್ದರೆ ಈ ಕಥೆ ಬೇಡ ಎಂದು ಮೊದಲೇ ತಡೆಯುತ್ತಿದ್ದರು. ನಾನು ಹೊರಗೆ ಹೋಗಿ ಮಾಸ್ತರರಿಗೆ ಫೋನ್ ಮಾಡಿದೆ. ಅದು ಮನೆಯೊಳಗಿನ ಸಂಕಟ, ನೀವು ಕೈ ಹಾಕಬೇಡಿ, ಕಥೆ ಕೈಬಿಟ್ಟು ಬಂದುಬಿಡಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಪಂಚಾಯಿತಿಯ ಮೈಕಿನಲ್ಲಿ, ಹೊಳೆ ಕಡೆಗೆ ಯಾರೂ ಹೋಗಬೇಡಿ ಎಂದು ಕೂಗುತ್ತ ರಿಕ್ಷಾ ಒಂದು ಶಾಲೆಯ ಮುಂದೆಯೇ ಹಾದು ಹೋಯಿತು. ಬಸ್ ಹತ್ತುವ ಬದಲು ನಾನು ಕಚೇರಿಗೆ ವಾಪಸ್ ಬಂದೆ.

ಮೊದಲು ಹುಡುಗಿಯ ಜೊತೆ ಮಾತಾಡುತ್ತೇನೆ ಎಂದೆ. ಶಿಕ್ಷಕಿ ಅವಳನ್ನು ಕರೆಸಿದರು. ಬಂದವಳು ಗೋಡೆಗೆ ಆತು ನಿಂತಳು.

"ಅಂತ್ಯ ನಿನಗೆ ಗೊತ್ತಾ?" ಎಂದೆ.

"ಗೆಳತ್ಯಾರು ಹೇಳ್ಯಾರ್ರಿ."

"ತಾಯಿಗೆ ಹೇಳಿದೆಯಾ?"

ತಲೆ ಅಲ್ಲಾಡಿಸಿದಳು. "ಗೊಂಬಿ ಮಾಡೂದಕ್ಕ ಹೂಂ ಅಂದಾಗಿಂದ ಅವ್ವ ಉಣ್ಣೂದು ಬಿಟ್ಟಿದ್ಲರಿ. ಕಥಿ ಹೇಳಿದ ದಿನ ಎರಡ ರೊಟ್ಟಿ ತಿಂದ್ಲು. ತಲಿ ಬಾಚಿಕೊಂಡ್ಲು. ದಿನಾ ಹೇಳು ಅಂತಾಳ, ನಾ ಅಲ್ಲಿಗೇ ನಿಂದರಸ್ತೀನ್ರಿ, ನೀವು ನಿಂದರಸಿದಲ್ಲೆ. ಸುಳ್ಳ ಅಂತ ಹೇಳಬ್ಯಾಡ್ರಿ ಅಕ್ಕೋರ. ಮತ್ತ ಊಟಾ ಬಿಡ್ತಾಳ."

ಅಲ್ಲಿಗೆ ನನಗೆ ಸಂಗತಿ ಪೂರ್ತಿ ಅರ್ಥವಾಯಿತು. ಆ ಮನೆಗೆ ಹೋಗಿದ್ದು ಅರ್ಧ ಕಥೆ. ಕರೆ ಹುಡುಗನಿಗೆ ಕೇಳಿಸಿತು ಎಂಬಲ್ಲಿಗೆ ನಿಂತ ಕಥೆ. ಹಾಗೆ ನಿಂತ ಕಥೆಯಲ್ಲಿ ಯಾವ ತಾಯಿ ತಾನೇ ಕರೆಯದೆ ಇದ್ದಾಳು? ಸುಳ್ಳು ಎಂದು ಹೇಳಿ ಬರುವ ಧೈರ್ಯ ನನಗೆ ಇರಲಿಲ್ಲ. ಸುಮ್ಮನೆ ಬಿಟ್ಟರೆ ಹೊಳೆ ಬಿಡುತ್ತಿರಲಿಲ್ಲ. ನನ್ನ ಕೈಯಲ್ಲಿ ಉಳಿದಿದ್ದು ಕಥೆಯ ಇನ್ನರ್ಧ. ಮಕ್ಕಳಿಗೆಂದು ನಾನು ಹಟ ಮಾಡಿ ಉಳಿಸಿದ್ದ ಅಂತ್ಯವನ್ನು ಈಗ ಈ ಹೆಂಗಸಿಗೆ ಓದಬೇಕು ಎಂದುಕೊಂಡಾಗ ನಿಜಕ್ಕೂ ಹೆದರಿಕೆಯಾಯಿತು. ಆದರೂ ದೊಡ್ಡಪ್ಪನಿಗೆ, "ಸುಳ್ಳು ಅಂತ ಹೇಳುವುದಿಲ್ಲ. ಪೂರ್ತಿ ಓದುತ್ತೇನೆ" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಸಂಜೆ ಹುಡುಗಿಯ ಜೊತೆ ಘಾಟು ಇಳಿಯುವಾಗ ಸಪ್ಪಳ ಮಂದವಾಗಿ ಕೇಳಿಸಿತು. ಕಲ್ಲಿನ ಮೇಲೆ ಕಲ್ಲು. ಮಾಸ್ತರರು ಹೇಳಿದ್ದ, ಲೇಖಕರು ಬರೆದಿದ್ದ, ನಾನು ತರಗತಿಯಲ್ಲಿ ಬೆಂಚು ತಟ್ಟಿ ತೋರಿಸಿದ್ದ ಸಪ್ಪಳ.

ಹೊಳೆ ಕೆಂಪಗೆ, ದಪ್ಪಗೆ ಹರಿಯುತ್ತಿತ್ತು. ತಾಯಿ ಮೊಣಕಾಲು ಮಟ್ಟದ ನೀರಿನಲ್ಲಿ ಬಾಗಿ, ಮುಳುಗಿದ ಮೆಟ್ಟಿಲನ್ನು ತಡವಿ ತಡವಿ ಬಡಿಯುತ್ತಿದ್ದಳು. ಹಣೆಯ ತುಂಬ ಮಲ್ಲಯ್ಯನ ಭಂಡಾರದ ಅರಿಸಿನ. ಮೇಲಿನ ಮೆಟ್ಟಿಲ ಮೇಲೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಹುಡುಗಿ ಹೋಗಿ ಸೆರಗು ಹಿಡಿದು ಕುಳಿತಳು. ನನ್ನನ್ನು ಯಾರೆಂದು ಹೇಳಿದಳು.

"ಕಥಿ ಅಕ್ಕೋರೇನ್ರಿ? ಬರ್ರಿ, ಕುಂದರ್ರಿ" ಎಂದಳು ತಾಯಿ, ಮನೆಗೆ ಬಂದವರನ್ನು ಕರೆಯುವ ಹಾಗೆ. "ಸುಳ್ಳ ಐತಿ ಅಂತ ಹೇಳಾಕ ಕಳಿಸ್ಯಾರ ಹೌದಲ್ರಿ? ಕಥಿ ಅಂತ ನನಗ ಗೊತ್ತಿಲ್ಲೇನ್ರಿ? ನಾ ಏನ ಹುಚ್ಚಿ ಅದೀನೇನು? ಅವರ ಹಿಟ್ಟಿನ ಗೊಂಬೀನೂ ಕಥೀನ ಅಲ್ಲೇನ್ರಿ? ಅದರಾಗ ಅಂವ ಸತ್ತಾನ, ಇದರಾಗ ಉಂಡಾನ, ಬೆಳದಾನ. ಎರಡರಾಗ ಯಾವದ ಹಿಡೀಲಿ ನಾನು, ನೀವ ಹೇಳ್ರಿ."

"ಕಥೆ ಇನ್ನೂ ಇದೆ" ಎಂದಷ್ಟೇ ಅಂದೆ. "ಮಗಳು ಹೇಳದೇ ಉಳಿಸಿದ್ದು."

ಅವಳ ಕೈ ನಿಂತಿತು. ಮಗಳನ್ನು ತಿರುಗಿ ನೋಡಿದಳು. ಹುಡುಗಿ ಮುಖ ಮೊಣಕಾಲಿನಲ್ಲಿ ಹುದುಗಿಸಿಕೊಂಡಳು. ನಾನು ಹಾಳೆ ತೆಗೆದು ಓದಿದೆ. ತರಗತಿಯಲ್ಲಿ ಓದುವಾಗ ದನಿ ಏರಿಸಿ ಇಳಿಸಿ ಮಾಡುತ್ತೇನೆ. ಅಲ್ಲಿ ಏನೂ ಮಾಡಲಿಲ್ಲ. ಹುಡುಗನ ಎದೆ ನೀರಿಗೆ ಒಗ್ಗಿದ್ದು, ಕರೆದಾಗ ಅವನು ಮೇಲೆ ಏಳುವುದು, ಗಾಳಿ ತಾಗಿ ಒದ್ದಾಡುವುದು, ಮುದುಕಿ ಹೇಳಿ ಕಳಿಸಿದ್ದು. ಒಂದು ಸಾಲನ್ನೂ ಬಿಡಲಿಲ್ಲ, ಸೇರಿಸಲೂ ಇಲ್ಲ.

ಮುಗಿದ ಮೇಲೆ ಅವಳು ನೀರಿನ ಕಡೆ ತಿರುಗಿದಳು. ಆಮೇಲೆ ಕೇಳಿದಳು.

"ನಾ ಇಷ್ಟ ದಿವಸ ಕರದ್ನಲ್ರಿ. ಅಷ್ಟೂ ದಿವಸ ಅವಗ ಉಸರ ಕಟ್ಟಿತೇನ್ರಿ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಕಥೆ ಅಷ್ಟೇ ಅಲ್ಲವೇ ಎನ್ನಲು ಬಾಯಿ ತೆರೆದೆ. ಆದರೆ ಸುಳ್ಳು ಎನ್ನುವುದಿಲ್ಲ ಎಂದು ಹೇಳಿ ಬಂದವಳು ನಾನೇ. "ಇಲ್ಲ, ಅಷ್ಟು ದೂರ ಕೇಳಿಸಿರಲಿಕ್ಕಿಲ್ಲ" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಕಲ್ಲನ್ನು ಎಸೆಯಲಿಲ್ಲ, ಬಾಗಿ ನೀರೊಳಗೆ ಸಪ್ಪಳವಾಗದಂತೆ ಇಟ್ಟಳು. ಮೆಟ್ಟಿಲು ಹತ್ತಿ ಬಂದು ರೊಟ್ಟಿಯ ಗಂಟು ಎತ್ತಿಕೊಂಡು ಮನೆಯ ಕಡೆ ನಡೆದಳು. ಹುಡುಗಿಯ ಕೈಯಲ್ಲಿ ಸೆರಗು ಇನ್ನೂ ಇತ್ತು.

ನಾಗರ ಅಮವಾಸ್ಯೆಗೆ ದೊಡ್ಡಪ್ಪ ನನಗೂ ಹೇಳಿ ಕಳಿಸಿದ. ಹೋಗದೇ ಇರಲು ಆಗಲಿಲ್ಲ. ತಂದೆ ಹಿಂಡು ಬಿಟ್ಟು ಬಂದಿದ್ದ. ಹಿಟ್ಟನ್ನು ತಾಯಿಯೇ ನಾದಿದಳು. ಮೂಗು, ಕಿವಿ, ಕೈ ಬೆರಳು ಎಲ್ಲವನ್ನೂ ಮಾಡಿದಳು. ಶಾಲೆಯ ನೀಲಿ ಅಂಗಿ ತೊಡಿಸಿದರು. ಅಂಗಿ ಗೊಂಬೆಗೆ ದೊಡ್ಡದಾಗಿತ್ತು. ಬದುವಿನಲ್ಲಿ ಕುಣಿ ತೋಡಿ ಅದನ್ನು ಮಲಗಿಸಿದ ಮೇಲೆ ಮನೆಯ ಹಿರಿಯ ಹೊಳೆಯ ಕಡೆ ಮುಖ ಮಾಡಿ ಸತ್ತವರ ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕು. ಕರೆದರೆ ಜೀವ ಬಂದು ಗೊಂಬೆಯಲ್ಲಿ ಸೇರುತ್ತದೆ, ಆಮೇಲೆ ಮಣ್ಣು. ಅದು ಪದ್ಧತಿ. ನನಗೆ ಅದು ಮೊದಲೇ ತಿಳಿದಿರಲಿಲ್ಲ. ದೊಡ್ಡಪ್ಪ ಎದ್ದು ನಿಂತು ಬಾಯಿ ತೆರೆದದ್ದೇ ತಡ, ತಾಯಿ ಓಡಿ ಹೋಗಿ ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದಳು. ಭಾವನನ್ನು ಮುಟ್ಟುವುದು ಆ ಮನೆಗಳಲ್ಲಿ ಎಂದೂ ಇಲ್ಲ.

"ಕರೀಬ್ಯಾಡ್ರಿ. ಉಸರ ಕಟ್ಟತೈತಿ ಅವಗ" ಎಂದಳು.

ಕರೆಯದಿದ್ದರೆ ಅದು ಬರೀ ಹಿಟ್ಟು ಎಂದು ಒಬ್ಬ ಮುದುಕ ಗೊಣಗಿದ. ತಂದೆ ಕುಣಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕೈಯಿಂದಲೇ ಮಣ್ಣು ಎಳೆದ. ಹೆಸರಿಲ್ಲದೆ ಮುಗಿಯಿತು. ದೊಡ್ಡಪ್ಪ ನನ್ನನ್ನು ನೋಡಿದ. ಆ ನೋಟವನ್ನು ಎದುರಿಸಲು ನನ್ನಿಂದ ಆಗಲಿಲ್ಲ.

ಅವಳು ಆಮೇಲೆ ಹೊಳೆಗೆ ಹೋಗಲಿಲ್ಲ. ಉಣ್ಣುತ್ತಾಳೆ, ಆಡುಗಳನ್ನು ನೋಡಿಕೊಳ್ಳುತ್ತಾಳೆ ಎಂದು ವರ್ಗ ಶಿಕ್ಷಕಿ ಹೇಳುತ್ತಿದ್ದರು. ಆ ಮನೆಯಲ್ಲಿ ಹುಡುಗನ ಹೆಸರನ್ನು ಈಗ ಯಾರೂ ಎತ್ತುವುದಿಲ್ಲವಂತೆ. ಬೇರೆಯವರ ಮನೆಯಲ್ಲಿ ಅದೇ ಹೆಸರಿನ ಮಗುವನ್ನು ಕೂಗಿದರೂ ತಾಯಿ ಹೋಗಿ ಬೇಡ ಎಂದು ಕೈ ಮುಗಿಯುತ್ತಾಳಂತೆ. ಅವಳನ್ನು ನೀರಿನಿಂದ ಮೇಲೆ ತಂದದ್ದು ಕಥೆಯೇ. ಮಗನ ಹೆಸರನ್ನು ಅವಳ ಬಾಯಿಂದ ತೆಗೆದದ್ದೂ ಅದೇ. ಇದರಲ್ಲಿ ಯಾವುದು ಹೆಚ್ಚು ಎಂದು ತೂಗಲು ನನಗೆ ಬರುವುದಿಲ್ಲ. ಮಾಸ್ತರರೂ ಕೇಳಲಿಲ್ಲ. ಆ ಕಥೆಯನ್ನು ಶಿಫಾರಸಿನಲ್ಲಿ ಉಳಿಸಿದೆವು, ಒಂದೇ ಸಲ ಕುಳಿತು ಕೊನೆಯವರೆಗೆ ಓದಬೇಕು ಎಂಬ ಸೂಚನೆ ಸೇರಿಸಿ. ಹಾಳೆ ಮಡಚುವುದನ್ನು ನಾನು ಬಿಟ್ಟೆ.

ಹೊಳೆ ಇಳಿದ ಮೇಲೆ ಮತ್ತೊಂದು ಕಥೆ ಓದಲು ಆ ಶಾಲೆಗೆ ಹೋಗಿದ್ದೆ. ಹುಡುಗಿ ಶಾಲೆಗೆ ಬರತೊಡಗಿದ್ದಳು. ನಾನು ಓದುವಷ್ಟು ಹೊತ್ತು ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು. ಮುಗಿಸಿ ಹೊರಗೆ ಬಂದಾಗ ಗೇಟಿನ ತನಕ ಹಿಂದೆಯೇ ಬಂದಳು.

"ಅಕ್ಕೋರ, ಒಂದ ಕೇಳು ಅಂದಾಳ್ರಿ ಅವ್ವ."

"ಏನು?"

"ಬಾಯಿಲೆ ಅಲ್ರಿ. ಮನಸಿನ್ಯಾಗ ಕರದ್ರ ನಡೀತೈತೇನ್ರಿ?"

ಕಥೆಯಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ನಡೆಯುತ್ತದೆ, ಹಾಗೆ ಕರೆದರೆ ಅವನಿಗೆ ಏನೂ ಆಗುವುದಿಲ್ಲ ಎಂದು ಹೇಳು ಅಂದೆ. ಅವಳು ಹೂಂ ಎಂದು ಮನೆಯ ಕಡೆ ಓಡಿದಳು.